ರೆಟಿನಾ ಟಿಪ್ಪಣಿ: ಬೆಳಕು ಬಿದ್ದರೆ ಸುಮ್ಮನಾಗುವ ಕೋಶ, ಬೆಳಕು ಬಿದ್ದರೆ ಎದ್ದು ಕೂರುವ ಕೋಶ

ರೆಟಿನಾ ಅಂದರೆ ಕಣ್ಣಿನ ಹಿಂಬದಿಯಲ್ಲಿ ಬೆಳಕು ಹಿಡಿಯುವ ತೆಳು ಹಾಳೆ. ಅದರ ಪದರಗಳು, ಅವುಗಳ ಹೆಸರು, ಯಾವುದರ ಮೇಲೆ ಯಾವುದು ಅನ್ನೋದೆಲ್ಲ ಒಂದು ಒಳ್ಳೆ ಚಿತ್ರ ನೋಡಿದರೆ ಬಂದುಬಿಡುತ್ತದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ತಲೆ ಕೆಡುವುದು ಎರಡೇ ಕಡೆ. ಬೆಳಕು ಬಿದ್ದಾಗ ಯಾವ ಕೋಶದ ವೋಲ್ಟೇಜು ಏರುತ್ತದೆ, ಯಾವುದರದು ಇಳಿಯುತ್ತದೆ ಅನ್ನೋದು ಒಂದು. ದೇಹದ ಗಡಿಯಾರಕ್ಕೆ ಬೆಳಕಿನ ಸುದ್ದಿ ಮುಟ್ಟಿಸುವವರು ಯಾರು ಅನ್ನೋದು ಇನ್ನೊಂದು. ಈ ಟಿಪ್ಪಣಿ ಅಷ್ಟಕ್ಕೇ.

ಮೊದಲು ಒಂದಿಷ್ಟು ಲೆಕ್ಕ

ಬೆಳಕು ಹಿಡಿಯುವ ಕೋಶಗಳು ಮುಖ್ಯವಾಗಿ ಎರಡು ಬಗೆ, ರಾಡ್ ಮತ್ತು ಕೋನ್. ಒಂದು ಕಣ್ಣಿನಲ್ಲಿ ರಾಡ್ ಕೋಶಗಳು ಸುಮಾರು 12 ಕೋಟಿ, ಕೋನ್ ಕೋಶಗಳು ಸುಮಾರು 60 ಲಕ್ಷ. ಆದರೆ ಮಿದುಳಿಗೆ ಹೋಗುವ ದೃಷ್ಟಿನರದಲ್ಲಿ ಇರುವ ಎಳೆಗಳು 10 ಲಕ್ಷದ ಆಸುಪಾಸು. ಅಂದರೆ ಸುದ್ದಿ ಕಣ್ಣಿನಲ್ಲೇ ಸೋಸಿ, ಸಣ್ಣದಾಗಿ ಹೊರಡುತ್ತದೆ. ರಾಡ್ ಮಂದ ಬೆಳಕಿಗೆ, ಬಣ್ಣ ಗೊತ್ತಾಗುವುದಿಲ್ಲ. ಕೋನ್ ಹಗಲಿಗೆ, ಮೂರು ಬಗೆ, ಬಣ್ಣ ಗೊತ್ತಾಗುತ್ತದೆ. ರೆಟಿನಾದ ನಟ್ಟನಡುವೆ ರಾಡ್ ಇರುವುದಿಲ್ಲ, ಹಾಗಾಗಿಯೇ ಮಂಕಾದ ನಕ್ಷತ್ರವನ್ನು ನೇರ ನೋಡಿದರೆ ಮಾಯ, ಸ್ವಲ್ಪ ಪಕ್ಕಕ್ಕೆ ದೃಷ್ಟಿ ಹಾಯಿಸಿದರೆ ಮತ್ತೆ ಹಾಜರ್.

ಕತ್ತಲಲ್ಲಿ ಕೆಲಸ, ಬೆಳಕಲ್ಲಿ ರಜೆ

ಇಲ್ಲಿ ನಿಧಾನವಾಗಿ ಹೋಗೋಣ, ಯಾಕೆಂದರೆ ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

ರಾಡ್ ಕೋಶ ಕತ್ತಲಲ್ಲಿ ಸುಮ್ನೆ ಕೂತಿರುವುದಿಲ್ಲ. ಅದರೊಳಗೆ ಸಿಜಿಎಂಪಿ ಅನ್ನೋ ಅಣು ಬೇಕಾದಷ್ಟು ಇರುತ್ತದೆ, ಅದು ಕೋಶದ ಪೊರೆಯಲ್ಲಿರುವ ಸಣ್ಣ ಬಾಗಿಲುಗಳನ್ನು, ಅಂದರೆ ಚಾನೆಲ್‌ಗಳನ್ನು ತೆರೆದು ಹಿಡಿದಿರುತ್ತದೆ, ಸೋಡಿಯಂ ಮತ್ತು ಕ್ಯಾಲ್ಸಿಯಂ ಒಳಗೆ ಬರುತ್ತಲೇ ಇರುತ್ತವೆ. ಹಾಗಾಗಿ ಕೋಶದ ವೋಲ್ಟೇಜು ಸುಮಾರು ಮೈನಸ್ 40 ಮಿಲಿವೋಲ್ಟ್‌ನಲ್ಲಿ ನಿಂತಿರುತ್ತದೆ. ಇನ್ನೊಂದು ತುದಿಯಿಂದ ಗ್ಲುಟಮೇಟ್ ಅನ್ನೋ ರಾಸಾಯನಿಕ ಸುರಿಯುತ್ತಲೇ ಇರುತ್ತದೆ. ಇದೆಲ್ಲ ಕತ್ತಲಲ್ಲಿ!

ಈಗ ಬೆಳಕು ಬಿತ್ತು. ರಾಡ್‌ನಲ್ಲಿ ಬೆಳಕು ಹಿಡಿಯುವ ಪ್ರೋಟೀನ್ ರೊಡಾಪ್ಸಿನ್, ಅದರೊಳಗೆ ಬಾಗಿ ಕೂತಿದ್ದ ರೆಟಿನಾಲ್ ಅನ್ನೋ ಅಣು ನೇರವಾಗುತ್ತದೆ. ಅದು ಟ್ರಾನ್ಸ್‌ಡ್ಯೂಸಿನ್ ಅನ್ನು ಎಬ್ಬಿಸುತ್ತದೆ, ಟ್ರಾನ್ಸ್‌ಡ್ಯೂಸಿನ್ ಒಂದು ಕಿಣ್ವವನ್ನು ಎಬ್ಬಿಸುತ್ತದೆ, ಆ ಕಿಣ್ವ ಸಿಜಿಎಂಪಿಯನ್ನು ಒಡೆಯುತ್ತದೆ. ಹಿಡಿದಿಡುವವರಿಲ್ಲದೆ ಚಾನೆಲ್ ಮುಚ್ಚುತ್ತದೆ. ಬೆಳಕು ಜೋರಾಗಿದ್ದರೆ ವೋಲ್ಟೇಜು ಮೈನಸ್ 70ರ ಹತ್ತಿರಕ್ಕೆ ಇಳಿಯುತ್ತದೆ, ಗ್ಲುಟಮೇಟ್ ಕಡಿಮೆಯಾಗುತ್ತದೆ. ಕೋನ್‌ನಲ್ಲೂ ಇದೇ ಕತೆ, ಸ್ವಲ್ಪ ಬೇಗ ನಡೆಯುತ್ತದೆ ಅಷ್ಟೇ.

ಸರಿ, ಗ್ಲುಟಮೇಟ್ ಅಂದರೆ ಮುಂದಿನ ಕೋಶವನ್ನು ಎಬ್ಬಿಸುವ ರಾಸಾಯನಿಕ ಅಂತ ಎಲ್ಲ ಕಡೆ ಓದಿರುತ್ತೇವೆ, ಅದು ಬೆಳಕಿನಲ್ಲಿ ಕಡಿಮೆಯಾದರೆ ಮುಂದಿನವರೂ ಸುಮ್ಮನಾಗಬೇಕು, ಹಾಗಾದರೆ ಬೆಳಕು ಬಂದಿದೆ ಅಂತ ಕೂಗಿ ಹೇಳುವವರು ಯಾರು? ಈ ಪ್ರಶ್ನೆಯಲ್ಲಿ ನಾನು ತುಂಬಾ ಹೊತ್ತು ನಿಂತಿದ್ದೆ.

ಉತ್ತರ ಬೈಪೋಲಾರ್ ಕೋಶದ ಗ್ರಾಹಕದಲ್ಲಿದೆ. ರಾಡ್, ಕೋನ್‌ಗಳಿಂದ ಸುದ್ದಿ ಪಡೆದು ಮುಂದೆ ದಾಟಿಸುವುದು ಬೈಪೋಲಾರ್, ಅದರ ಮೇಲೆ ಗ್ಲುಟಮೇಟ್ ಬಂದು ಅಂಟುವ ಪ್ರೋಟೀನ್ ಗ್ರಾಹಕ (ರಿಸೆಪ್ಟರ್). ಬೈಪೋಲಾರ್ ಎರಡು ಜಾತಿ. ಆಫ್ ಜಾತಿಯಲ್ಲಿ ಮಾಮೂಲಿ ಗ್ರಾಹಕ: ಗ್ಲುಟಮೇಟ್ ಬಂದರೆ ಕೋಶ ಏಳುತ್ತದೆ, ಹೋದರೆ ಮಲಗುತ್ತದೆ. ಆನ್ ಜಾತಿಯಲ್ಲಿ ಎಂಗ್ಲುಆರ್6 ಅನ್ನೋ ತಲೆಕೆಳಗಾದ ಗ್ರಾಹಕ: ಗ್ಲುಟಮೇಟ್ ಅಂಟಿಕೊಂಡರೆ ಚಾನೆಲ್ ಮುಚ್ಚುತ್ತದೆ, ಬಿಟ್ಟರೆ ತೆರೆಯುತ್ತದೆ. ಗ್ಲುಟಮೇಟ್ ಒಂದೇ. ಅದನ್ನು ಏನಂತ ಓದಬೇಕು ಅನ್ನೋದನ್ನು ತೀರ್ಮಾನಿಸುವುದು ಪಡೆಯುವ ಕೋಶ.

ನನ್ನ ಅಡ್ಡದಾರಿ ಇದು: ತಿರುವು ಎಣಿಸಿ. ಬೆಳಕಿನಿಂದ ಶುರು ಮಾಡಿ, ದಾರಿಯಲ್ಲಿ ಎಲ್ಲಿ ಏರಿದ್ದು ಇಳಿಯುತ್ತದೋ ಅಲ್ಲಿ ಒಂದು ತಿರುವು ಅಂತ ಲೆಕ್ಕ. ಬೆಳಕಿನಿಂದ ರಾಡ್ ಅಥವಾ ಕೋನ್‌ಗೆ ಒಂದು ತಿರುವು. ಅಲ್ಲಿಂದ ಆನ್ ಬೈಪೋಲಾರ್‌ಗೆ ಇನ್ನೊಂದು. ಒಟ್ಟು ಎರಡು, ಸಮಸಂಖ್ಯೆ, ಬೆಳಕು ಏರಿದರೆ ಕೋಶವೂ ಏರುತ್ತದೆ. ಆಫ್ ಬೈಪೋಲಾರ್‌ಗೆ ಹೊಸ ತಿರುವಿಲ್ಲ. ಒಟ್ಟು ಒಂದು, ಬೆಸಸಂಖ್ಯೆ, ಬೆಳಕು ಏರಿದರೆ ಕೋಶ ಇಳಿಯುತ್ತದೆ. ಬೈಪೋಲಾರ್‌ನಿಂದ ಗ್ಯಾಂಗ್ಲಿಯನ್ ಕೋಶಕ್ಕೆ, ಅಂದರೆ ದೃಷ್ಟಿನರದ ಎಳೆಗಳನ್ನು ಮಿದುಳಿಗೆ ಕಳಿಸುವ ಕೋಶಕ್ಕೆ, ತಿರುವಿಲ್ಲ.

ಈಗ ಓದುತ್ತಿರುವ ಈ ಅಕ್ಷರವನ್ನೇ ತಗೊಳ್ಳಿ. ಬಿಳಿ ಹಿನ್ನೆಲೆ, ಕಪ್ಪು ಗೆರೆ. ಕಣ್ಣು ಸರಿದು ಒಂದು ಕೋನ್ ಕೋಶದ ಮೇಲೆ ಕಪ್ಪು ಗೆರೆ ಬಂತು ಅಂದರೆ ಆ ಕೋಶಕ್ಕೆ ಬೆಳಕು ಕಡಿಮೆಯಾಯಿತು. ಅದರ ವೋಲ್ಟೇಜು ಏರಿತು, ಗ್ಲುಟಮೇಟ್ ಜಾಸ್ತಿಯಾಯಿತು, ಆಫ್ ಬೈಪೋಲಾರ್ ಎದ್ದಿತು. ಕಪ್ಪು ಗೆರೆಯ ಸುದ್ದಿ ಆಫ್ ದಾರಿಯಲ್ಲಿ ಹೋಗುತ್ತದೆ, ಸುತ್ತಲಿನ ಬಿಳುಪಿನ ಸುದ್ದಿ ಆನ್ ದಾರಿಯಲ್ಲಿ. ಕಪ್ಪು ಅಂದರೆ ಸುದ್ದಿಯೇ ಇಲ್ಲ ಅಂತಲ್ಲ, ಅದಕ್ಕೂ ಅದರದೇ ತಂತಿ ಇದೆ.

ಇದು ನಿಜವೇ ಅಂತ ಪರೀಕ್ಷಿಸಲು ಒಂದು ಕಾಯಿಲೆಯೇ ಇದೆ. ಹುಟ್ಟಿನಿಂದಲೇ ಬರುವ, ಹೆಚ್ಚೂ ಆಗದ ಕಡಿಮೆಯೂ ಆಗದ ಒಂದು ಬಗೆಯ ಇರುಳುಗುರುಡಿನಲ್ಲಿ ಎಂಗ್ಲುಆರ್6ರ ಜೀನ್ ಕೆಟ್ಟಿರುತ್ತದೆ. ರಾಡ್ ಚೆನ್ನಾಗಿಯೇ ಇರುತ್ತದೆ. ಆದರೆ ರಾಡ್‌ಗಳ ಸ್ವಂತ ಬೈಪೋಲಾರ್ ಆನ್ ಜಾತಿಯದು, ಆ ದಾರಿ ಮುಚ್ಚಿದರೆ ರಾತ್ರಿ ನೋಟಕ್ಕೆ ಕಲ್ಲು ಬಿದ್ದಂತೆ. ಹಗಲಿಗೆ ಕೋನ್‌ಗಳ ಆಫ್ ದಾರಿ ಉಳಿದಿರುತ್ತದೆ.

ಮೂರನೆಯವನು

1923ರಲ್ಲಿ ಕ್ಲೈಡ್ ಕೀಲರ್ ಒಂದು ವಿಚಿತ್ರ ಗಮನಿಸಿದರು. ರಾಡ್ ಕೋಶಗಳೇ ನಾಶವಾಗಿ ಕುರುಡಾದ ಇಲಿಯ ಕಣ್ಣಿಗೆ ಬೆಳಕು ಬಿಟ್ಟರೆ ಪಾಪೆ ಕಿರಿದಾಗುತ್ತಿತ್ತು. 1990ರ ದಶಕದಲ್ಲಿ ರಸೆಲ್ ಫಾಸ್ಟರ್ ತಂಡ ಇಂಥ ಇಲಿಗಳ ದಿನಚರಿಯೂ ಬೆಳಕಿಗೆ ಹೊಂದಿಕೊಳ್ಳುತ್ತದೆ ಅಂತ ತೋರಿಸಿತು. 1998ರಲ್ಲಿ ಇಗ್ನೇಸಿಯೊ ಪ್ರೊವೆನ್ಸಿಯೊ ಮತ್ತು ಜೊತೆಗಾರರು ಮೆಲನೊಪ್ಸಿನ್ ಅನ್ನೋ ಹೊಸ ಬೆಳಕು ಹಿಡಿಯುವ ಪ್ರೋಟೀನ್ ಕಂಡುಹಿಡಿದರು. ಎಲ್ಲಿ ಅಂತೀರಿ? ಕಪ್ಪೆಯ ಚರ್ಮದ ಕೋಶದಲ್ಲಿ. 2000ದಲ್ಲಿ ಅದು ಮನುಷ್ಯರ ರೆಟಿನಾದಲ್ಲೂ ಸಿಕ್ಕಿತು. 2002ರಲ್ಲಿ ಡೇವಿಡ್ ಬರ್ಸನ್ ತಂಡ, ಬೇರೆ ಕೋಶಗಳ ಸುದ್ದಿ ಒಂದಿಷ್ಟೂ ಬಾರದಂತೆ ತಡೆದರೂ ಕೆಲವು ಗ್ಯಾಂಗ್ಲಿಯನ್ ಕೋಶಗಳು ತಾವೇ ಬೆಳಕಿಗೆ ಸ್ಪಂದಿಸುತ್ತವೆ ಅಂತ ತೋರಿಸಿತು. ಇವುಗಳಿಗೆ ಪರೀಕ್ಷೆಯಲ್ಲಿ ಐಪಿಆರ್‌ಜಿಸಿ ಅಂತ ಬರೆಯಬೇಕು, ಇಲ್ಲಿ ಮೆಲನೊಪ್ಸಿನ್ ಕೋಶ ಅಂತಲೇ ಕರೆಯೋಣ.

ತಿರುವು ಎಣಿಸಿ ನೋಡಿ. ಬೆಳಕು, ಮೆಲನೊಪ್ಸಿನ್, ಜಿಕ್ಯೂ ಪ್ರೋಟೀನ್, ಫಾಸ್ಫೊಲೈಪೇಸ್ ಸಿ ಅನ್ನೋ ಕಿಣ್ವ, ಕೊನೆಗೆ ಚಾನೆಲ್ ತೆರೆಯುತ್ತದೆ. ಒಂದೂ ತಿರುವಿಲ್ಲ! ಬೆಳಕು ಬಿದ್ದರೆ ನೇರ ಏರಿಕೆ. ಇದು ನಮ್ಮ ರಾಡ್‌ಗಿಂತ ನೊಣದ ಕಣ್ಣಿನ ಕೋಶಕ್ಕೆ ಹತ್ತಿರದ ವ್ಯವಸ್ಥೆ.

ಇನ್ನೊಂದು ಗುಣ, ಇದು ಮಹಾ ಸೋಮಾರಿ. ಏಳಲು ತಡ, ಎದ್ದ ಮೇಲೆ ಬೆಳಕು ಆರಿದರೂ ಬೇಗ ಮಲಗುವುದಿಲ್ಲ. ಅತಿ ಹೆಚ್ಚು ಸ್ಪಂದಿಸುವುದು ಸುಮಾರು 480 ನ್ಯಾನೋಮೀಟರ್‌ನ ನೀಲಿ ಬೆಳಕಿಗೆ. ಪಾಪೆಯಲ್ಲಿ ಇದು ಕಣ್ಣಿಗೇ ಕಾಣುತ್ತದೆ: ಜೋರಾದ ಕೆಂಪು ಬೆಳಕು ಕೊಟ್ಟು ಆರಿಸಿದರೆ ಪಾಪೆ ಬೇಗ ಹಿಗ್ಗುತ್ತದೆ, ಅಷ್ಟೇ ಜೋರಿನ ನೀಲಿ ಕೊಟ್ಟು ಆರಿಸಿದರೆ ಕತ್ತಲಲ್ಲೂ ಎಷ್ಟೋ ಸೆಕೆಂಡು ಕಿರಿದಾಗಿಯೇ ನಿಂತಿರುತ್ತದೆ. ಆ ತಡವೇ ಮೆಲನೊಪ್ಸಿನ್‌ನ ಸಹಿ.

ಸೋಮಾರಿತನದಿಂದ ಏನು ಲಾಭ? ಬಿಸಿಲಿನಲ್ಲಿ ಸುಮಾರು 1 ಲಕ್ಷ ಲಕ್ಸ್ ಬೆಳಕು, ಮನೆಯೊಳಗೆ ದೀಪದಡಿ ಕೆಲವು ನೂರು. ನೂರಾರು ಪಟ್ಟು ವ್ಯತ್ಯಾಸ. ಆದರೆ ಕಾಗದ ಎರಡೂ ಕಡೆ ಬಿಳಿಯಾಗಿಯೇ ಕಾಣುತ್ತದೆ ಅಲ್ವಾ? ಯಾಕೆಂದರೆ ಕೋನ್‌ಗಳು ಒಟ್ಟು ಬೆಳಕಿಗೆ ಹೊಂದಿಕೊಂಡು, ಅಕ್ಕಪಕ್ಕದ ವ್ಯತ್ಯಾಸವನ್ನು ಮಾತ್ರ ಹೇಳುತ್ತವೆ. ನೋಟಕ್ಕೆ ಅದೇ ಬೇಕು. ಗಡಿಯಾರಕ್ಕೆ ಬೇಕಾದದ್ದು ನೋಟ ಬಿಸಾಕಿದ ಆ ಒಟ್ಟು ಲೆಕ್ಕ. ಅದನ್ನು ಕೂಡಿಸುತ್ತಾ ಕೂರುವವನು ಈ ಮೂರನೆಯವನು.

ಗಡಿಯಾರಕ್ಕೆ ದಾರಿ

ಮೆಲನೊಪ್ಸಿನ್ ಕೋಶದ ಎಳೆ ನೇರ ಹೋಗಿ ಸೇರುವುದು ಮಿದುಳಿನ ಎಸ್‌ಸಿಎನ್‌ಗೆ. ದೃಷ್ಟಿನರಗಳು ಒಂದನ್ನೊಂದು ದಾಟುವ ಜಾಗದ ಸ್ವಲ್ಪ ಮೇಲೆ, ಸುಮಾರು 20,000 ನರಕೋಶಗಳ ಗುಂಪು. ಇದು ತಾನಾಗಿಯೇ ಓಡುವ ಗಡಿಯಾರ, ಮನುಷ್ಯರಲ್ಲಿ ಸರಾಸರಿ ಸುತ್ತು 24.2 ಗಂಟೆಯ ಹತ್ತಿರ. ಅಂದರೆ ದಿನಕ್ಕೆ 12 ನಿಮಿಷ ತಡ. ಬೆಳಕು ಅದನ್ನು ತಿದ್ದದಿದ್ದರೆ 5 ದಿನಕ್ಕೆ 1 ಗಂಟೆ, 120 ದಿನಕ್ಕೆ ಪೂರ್ತಿ ಒಂದು ಸುತ್ತು ಜಾರುತ್ತದೆ. ಬೆಳಕೇ ತಟ್ಟದ ಅನೇಕ ಅಂಧರಲ್ಲಿ ನಿದ್ದೆ ಹೀಗೆ ಜಾರುತ್ತಾ ಹೋಗಿ, ಕೆಲವು ವಾರ ಸರಿ, ಕೆಲವು ವಾರ ಹಗಲೆಲ್ಲ ತೂಕಡಿಕೆ ಆಗುವುದು ಇದರಿಂದಲೇ.

ತಿದ್ದುವ ದಿಕ್ಕು ಹೊತ್ತಿನ ಮೇಲೆ ನಿಂತಿದೆ. ರಾತ್ರಿಯ ಮೊದಲ ಭಾಗದ ಬೆಳಕು ಗಡಿಯಾರವನ್ನು ಹಿಂದಕ್ಕೆ ತಳ್ಳುತ್ತದೆ, ರಾತ್ರಿಯ ಕೊನೆಯ ಮತ್ತು ಬೆಳಗಿನ ಬೆಳಕು ಮುಂದಕ್ಕೆ. ಗಡಿ ಯಾವುದು ಅಂದರೆ ಮೈ ತಾಪ ಅತಿ ಕಡಿಮೆ ಇರುವ ಹೊತ್ತು, ರೂಢಿಯಲ್ಲಿ ಏಳುವುದಕ್ಕೆ ಸುಮಾರು 2-3 ಗಂಟೆ ಮುಂಚೆ. ಕಾರಣ ಬಾಯಿಪಾಠ ಮಾಡಬೇಡಿ, ಹೀಗೆ ನೋಡಿ: ಬೆಳಕು ಎಸ್‌ಸಿಎನ್‌ನಲ್ಲಿ ಪರ್ ಅನ್ನೋ ಗಡಿಯಾರದ ಜೀನ್ ಅನ್ನು ಚುರುಕಾಗಿಸುತ್ತದೆ. ಸಂಜೆ ಅದು ಇಳಿಯುತ್ತಿರುವಾಗ ಏರಿಸಿದರೆ ಹಗಲು ಉದ್ದವಾದಂತೆ. ಮುಂಜಾವಿನಲ್ಲಿ ಏರಲು ಹೊರಟಾಗ ಏರಿಸಿದರೆ ಹಗಲು ಬೇಗ ಬಂದಂತೆ.

ಬಲೆ ಇರುವ ಪ್ರಶ್ನೆ

"ಮೆಲನೊಪ್ಸಿನ್ ತೆಗೆದರೆ ಏನಾಗುತ್ತದೆ?" ಮತ್ತು "ಮೆಲನೊಪ್ಸಿನ್ ಕೋಶ ಕೊಂದರೆ ಏನಾಗುತ್ತದೆ?" ಎರಡೂ ಬೇರೆ ಪ್ರಶ್ನೆ. ರಾಡ್, ಕೋನ್‌ಗಳ ಸುದ್ದಿಯೂ ಗಡಿಯಾರಕ್ಕೆ ಹೋಗುವುದು ಇದೇ ಕೋಶದ ಮೂಲಕ. ಈ ಕೋಶ ಊರವರ ಕಾಗದಗಳ ಜೊತೆ ತಾನು ಬರೆದ ಕಾಗದವನ್ನೂ ಒಯ್ಯುವ ಅಂಚೆಯವನ ಹಾಗೆ.

ಬರೀ ಮೆಲನೊಪ್ಸಿನ್ ಪ್ರೋಟೀನ್ ಇಲ್ಲದ ಇಲಿಯಲ್ಲಿ ಗಡಿಯಾರ ಬೆಳಕಿಗೆ ಹೊಂದಿಕೊಳ್ಳುತ್ತದೆ, ಸ್ಪಂದನ ಸ್ವಲ್ಪ ಮಂಕು ಅಷ್ಟೇ. ಅವನ ಸ್ವಂತ ಕಾಗದ ನಿಂತಿತು, ಬೇರೆಯವರದು ತಲುಪುತ್ತಿದೆ. ಕೋಶವನ್ನೇ ಕೊಂದ ಇಲಿ ಆಕಾರಗಳನ್ನು ನೋಡುತ್ತದೆ, ಆದರೆ ಗಡಿಯಾರ ಬೆಳಕಿನ ಹಿಡಿತ ತಪ್ಪಿ ತನ್ನ ಪಾಡಿಗೆ ಓಡುತ್ತದೆ. ಇದು ಗೊತ್ತಾಗಿದ್ದು 2008ರಲ್ಲಿ. ರಾಡ್, ಕೋನ್ ಎರಡೂ ಇಲ್ಲದ ಇಲಿಗೆ ನೋಟ ಇಲ್ಲ, ಗಡಿಯಾರ ಸರಿ. ರಾಡ್, ಕೋನ್, ಮೆಲನೊಪ್ಸಿನ್ ಮೂರೂ ಕೆಲಸ ನಿಲ್ಲಿಸಿದ ಇಲಿಯಲ್ಲಿ ಪಾಪೆಯ ಸ್ಪಂದನವೂ ಇಲ್ಲ, ಗಡಿಯಾರದ ತಿದ್ದುಪಡಿಯೂ ಇಲ್ಲ, 2003ರ ಪ್ರಯೋಗ ಇದು.

ಹಾಗಾಗಿ "ಗಡಿಯಾರಕ್ಕೆ ನೀಲಿ ಮಾತ್ರ ಲೆಕ್ಕ" ಅನ್ನೋದು ಅರ್ಧ ಸತ್ಯ. ಬೇರೆ ಬಣ್ಣದ ಬೆಳಕೂ ಸಾಕಷ್ಟು ಜೋರಾಗಿದ್ದರೆ ಕೋನ್‌ಗಳ ಕಾಗದವಾಗಿ ಅಲ್ಲಿಗೆ ತಲುಪುತ್ತದೆ.

ಕೊನೆಗೆ ನೀವೇ ಬಿಡಿಸಿ ನೋಡಲು ಒಂದು: ಲೆಬರ್ ಅನುವಂಶಿಕ ದೃಷ್ಟಿನರ ರೋಗದಲ್ಲಿ ಗ್ಯಾಂಗ್ಲಿಯನ್ ಕೋಶಗಳು ಸಾಯುತ್ತವೆ, ನೋಟ ತೀರಾ ಕುಗ್ಗುತ್ತದೆ, ಆದರೂ ಟಾರ್ಚ್ ಬಿಟ್ಟರೆ ಪಾಪೆ ಬಹುಮಟ್ಟಿಗೆ ಚೆನ್ನಾಗಿಯೇ ಕಿರಿದಾಗುತ್ತದೆ. ಯಾಕೆ? ಈ ರೋಗದಲ್ಲಿ ಬೇರೆ ಗ್ಯಾಂಗ್ಲಿಯನ್ ಕೋಶಗಳಿಗೆ ಹೋಲಿಸಿದರೆ ಮೆಲನೊಪ್ಸಿನ್ ಕೋಶಗಳು ಹೆಚ್ಚು ಬದುಕಿ ಉಳಿಯುತ್ತವೆ, ಮತ್ತು ಪಾಪೆಯ ಕೇಂದ್ರಕ್ಕೆ ಎಳೆ ಕಳಿಸುವವರೂ ಅವರೇ.