ಕಂಪ್ಯೂಟರಿನಲ್ಲಿ ತೆರೆದ ಮತಪತ್ರವೆಲ್ಲ ಇಂಟರ್‌ನೆಟ್ ಮತದಾನವಲ್ಲ

ಪ್ರಶ್ನೆ: ಅಮೆರಿಕದಲ್ಲಿ ಅಂಧ ಮತದಾರರ ಅಂಚೆ ಮತಪತ್ರವನ್ನು ಕಂಪ್ಯೂಟರಿಗೇ ಕಳುಹಿಸುತ್ತಾರಂತೆ. ಅದು ಇಂಟರ್‌ನೆಟ್ ಮತದಾನವೇ ಆಯಿತಲ್ಲವೇ?

ಉತ್ತರ: ಆಗಲಿಲ್ಲ. ಇದನ್ನು ಎಷ್ಟನೆಯ ಸಲ ಹೇಳುತ್ತಿದ್ದೇನೆಂಬ ಲೆಕ್ಕವನ್ನು ನಾನು ಬಿಟ್ಟು ಬಹಳ ಕಾಲವಾಯಿತು.

ಮೊದಲು, ಈ ಏರ್ಪಾಡು ಏಕೆ ಬೇಕಾಯಿತೆಂಬುದು. ಕಣ್ಣು ಕಾಣದವರ ಪಾಲಿಗೆ ಅಂಚೆಯಲ್ಲಿ ಬಂದ ಮುದ್ರಿತ ಮತಪತ್ರ ಬರಿಯ ಕಾಗದ. ಅದನ್ನು ಓದಿಸಿಕೊಳ್ಳಲು, ಗುರುತು ಹಾಕಿಸಲು ಇನ್ನೊಬ್ಬರು ಬೇಕು; ಅಲ್ಲಿಗೆ ಮತದ ಗೋಪ್ಯತೆ ಮುಗಿಯಿತು. ಮೇರಿಲ್ಯಾಂಡ್ ರಾಜ್ಯದ ಅಂಚೆ ಮತದಾನವು ಈ ಕಾರಣದಿಂದಲೇ ಅಂಗವಿಕಲರ ಹಕ್ಕುಗಳ 1990ರ ಕಾಯ್ದೆಗೆ ವಿರುದ್ಧವಾಗಿದೆಯೆಂಬ ತೀರ್ಪನ್ನು ಫೆಡರಲ್ ಮೇಲ್ಮನವಿ ನ್ಯಾಯಾಲಯ 2016ರಲ್ಲಿ ಎತ್ತಿಹಿಡಿಯಿತು.

ಈಗ ಆ ಹಟಮಾರಿ ತಪ್ಪುಕಲ್ಪನೆಗೆ ಬರೋಣ. ಮತದಾರರು ಖಾಲಿ ಮತಪತ್ರವನ್ನು ಕಂಪ್ಯೂಟರಿನಲ್ಲಿ ತೆರೆಯುತ್ತಾರೆ, ಅಭ್ಯರ್ಥಿಗಳ ಹೆಸರುಗಳನ್ನು ಸ್ಕ್ರೀನ್ ರೀಡರ್ ಓದಿ ಹೇಳುತ್ತದೆ, ಅವರು ಕೀಲಿಮಣೆಯಿಂದ ತಮ್ಮ ಆಯ್ಕೆಯನ್ನು ಗುರುತಿಸಿ ಅದನ್ನು ಮುದ್ರಿಸಿಕೊಳ್ಳುತ್ತಾರೆ, ಲಕೋಟೆಗೆ ಸಹಿ ಹಾಕಿ ಅಂಚೆಗೆ ಕೊಡುತ್ತಾರೆ. ಇಂಟರ್‌ನೆಟ್ಟಿನಲ್ಲಿ ಬಂದದ್ದು ಖಾಲಿ ಮತಪತ್ರ. ಮರಳಿ ಹೋದದ್ದು ಕಾಗದ. ಮತದಾರರ ಆಯ್ಕೆಯನ್ನು ದೂರದ ಸರ್ವರಿನಲ್ಲಿ ಸಂಗ್ರಹಿಸಿಡುವ ವ್ಯವಸ್ಥೆಯನ್ನು ಕ್ಯಾಲಿಫೋರ್ನಿಯಾದ ಕಾನೂನು ನಿಷೇಧಿಸಿಯೇ ಇದೆ. ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ, ಎಫ್‌ಬಿಐ ಮೊದಲಾದವು 2020ರಲ್ಲಿ ಹೊರಡಿಸಿದ ದಾಖಲೆಯಲ್ಲೂ ಮತಪತ್ರ ತಲುಪಿಸುವುದನ್ನು ಕಡಿಮೆ ಅಪಾಯವೆಂದೂ, ಪರದೆಯಲ್ಲಿ ಗುರುತು ಹಾಕುವುದನ್ನು ಮಧ್ಯಮವೆಂದೂ, ತುಂಬಿದ ಮತಪತ್ರವನ್ನು ಇಂಟರ್‌ನೆಟ್ಟಿನಲ್ಲಿ ಹಿಂತಿರುಗಿಸುವುದನ್ನು ಮಾತ್ರ ಹೆಚ್ಚು ಅಪಾಯವೆಂದೂ ವಿಂಗಡಿಸಲಾಗಿದೆ. ಭದ್ರತೆಯ ಹೆಸರಿನಲ್ಲಿ ಮೂರನ್ನೂ ಒಂದೇ ಗಂಟಿನಲ್ಲಿ ಕಟ್ಟುವವರು ಈ ಒಂದು ವಾಕ್ಯವನ್ನಾದರೂ ಎರಡು ಸಲ ಓದಬೇಕೆಂದು ನನ್ನ ಕೋರಿಕೆ.

ಹಾಗೆಂದು ಎಲ್ಲವೂ ಸರಿಹೋಗಿದೆಯೆಂದಲ್ಲ. ಮನೆಯಲ್ಲಿ ಪ್ರಿಂಟರ್ ಇಲ್ಲದವರು, ಕಾಗದವನ್ನು ಮಡಿಸಿ ಲಕೋಟೆಗೆ ಹಾಕಲು ಕೈ ಸ್ವಾಧೀನದಲ್ಲಿಲ್ಲದವರು ಕೊನೆಯ ಹಂತದಲ್ಲಿ ಮತ್ತೆ ಪರಾವಲಂಬಿಗಳಾಗುತ್ತಾರೆ. ವೆಸ್ಟ್ ವರ್ಜೀನಿಯಾದಂಥ ಕೆಲವು ರಾಜ್ಯಗಳು ಅಂಗವಿಕಲರಿಗೆ ಇಂಟರ್‌ನೆಟ್ ಮೂಲಕವೇ ಹಿಂತಿರುಗಿಸಲು ಅವಕಾಶ ಕೊಟ್ಟಿರುವುದು ಇದಕ್ಕಾಗಿ. ನಿಜವಾದ ಚರ್ಚೆ ಇರುವುದು ಇಲ್ಲಿ. ನಮ್ಮ ಪ್ರಶ್ನೆಗಳು ಮಾತ್ರ ಇನ್ನೂ ಮೊದಲ ಮೆಟ್ಟಿಲಿನಲ್ಲೇ ನಿಂತಿವೆ.

ಇಷ್ಟಾದರೂ ಯಾರೂ ಕೇಳದ ಪ್ರಶ್ನೆಯೊಂದು ಉಳಿಯುತ್ತದೆ. ಮನೆಯಲ್ಲಿ ಮುದ್ರಿಸಿದ ಹಾಳೆ ಎಣಿಕೆ ಯಂತ್ರಕ್ಕೆ ಹೊಂದುವುದಿಲ್ಲವಾದ್ದರಿಂದ ಸಿಬ್ಬಂದಿ ಅದರಲ್ಲಿರುವುದನ್ನು ಅಧಿಕೃತ ಮತಪತ್ರಕ್ಕೆ ನಕಲು ಮಾಡುತ್ತಾರೆ. ಒಂದು ಮತಗಟ್ಟೆಯ ವ್ಯಾಪ್ತಿಯಲ್ಲಿ ಅಂಥ ಹಾಳೆ ಒಂದೇ ಬಂದರೆ, ಅದು ಯಾರದೆಂದು ಊಹಿಸಲು ಎಷ್ಟು ಹೊತ್ತು ಬೇಕು? ಅಂಗವಿಕಲರಿಗೆಂದೇ ಪ್ರತ್ಯೇಕಿಸಿಟ್ಟ ಸೌಲಭ್ಯ ಅವರ ಗುಟ್ಟನ್ನೇ ಬಯಲು ಮಾಡುವ ವಿಪರ್ಯಾಸವಿದು. ಕ್ಯಾಲಿಫೋರ್ನಿಯಾದಲ್ಲಿ ಈ ಸೌಲಭ್ಯ ಎಲ್ಲ ಮತದಾರರಿಗೂ ಮುಕ್ತವಾಗಿದೆ; ಇತರರೂ ಅದನ್ನು ಬಳಸಿದಷ್ಟೂ ಅಂಧ ಮತದಾರರ ಹಾಳೆ ಗುಂಪಿನಲ್ಲಿ ಬೆರೆತುಹೋಗುತ್ತದೆ.