ಖರ್ಚಿಗೆ ಕೊಡದ ಗಂಡ ಯಜಮಾನ ಹೌದೋ ಅಲ್ಲವೋ?

ಹೋದ ಚಳಿಗಾಲ ವಿಜಯಪುರದಲ್ಲಿ ಗೆಳೆಯನ ತಂಗಿಯ ನಿಕಾಹ್ ಇತ್ತು. ನಾನು ಖಾಜಿ ಸಾಹೇಬರ ಪಕ್ಕದಲ್ಲೇ ಕೂತಿದ್ದೆ. ಮೆಹರ್, ಅಂದರೆ ಗಂಡು ಹೆಣ್ಣಿಗೆ ಕೊಡಬೇಕಾದ ದುಡ್ಡು, ಎಷ್ಟು ಅಂತ ಎರಡೆರಡು ಸಲ ಕೇಳಿ ನಿಕಾಹ್‌ನಾಮಾದಲ್ಲಿ ಬರೆದುಕೊಂಡರು. ಅದರ ಕೆಳಗೆ ಷರತ್ತು ಬರೆಯೋಕೆ ಎರಡು ಸಾಲು ಜಾಗ ಇತ್ತು. ಪೆನ್ನು ಅಲ್ಲಿ ಒಂದು ಅಡ್ಡಗೆರೆ ಎಳೆದು ಮುಂದೆ ಹೋಯಿತು. ಯಾರೂ ಏನೂ ಕೇಳಲಿಲ್ಲ. ಆಮೇಲೆ ಬಿರಿಯಾನಿ.

ಇಸ್ಲಾಮಿನಲ್ಲಿ ನಿಕಾಹ್ ಅಂದ್ರೆ ಕರಾರು. ಹೆಣ್ಣಿನ ಕಡೆಯವರೂ ಷರತ್ತು ಹಾಕಬಹುದು. ಆ ಜಾಗ ಖಾಲಿ ಉಳಿಯುತ್ತಾ ಬಂದಿದ್ದಕ್ಕೆ ಕಾರಣ ಹುಡುಕುತ್ತಾ ಹೋದರೆ ಹಳೇ ಜಗಳವೊಂದು ಸಿಗುತ್ತದೆ.

ಕುರ್‌ಆನಿನ ನಾಲ್ಕನೇ ಅಧ್ಯಾಯದ ಹೆಸರು ‘ಅನ್ನಿಸಾ’, ಅಂದರೆ ಹೆಂಗಸರು. ಅದರ 34ನೇ ಆಯತ್ (ವಾಕ್ಯ) ಗಂಡಸರನ್ನು ಹೆಂಗಸರ ಮೇಲೆ ‘ಕವ್ವಾಮ್’ ಎಂದು ಕರೆಯುತ್ತದೆ. ಕೆಲವರು ಇದಕ್ಕೆ ಯಜಮಾನ ಅಂತಾರೆ, ಕೆಲವರು ನೋಡಿಕೊಳ್ಳುವವ ಅಂತಾರೆ. ಕಾರಣವನ್ನೂ ಆಯತ್ತೇ ಹೇಳುತ್ತದೆ. ದೇವರು ಕೆಲವರಿಗೆ ಕೆಲವರಿಗಿಂತ ಹೆಚ್ಚು ಕೊಟ್ಟಿದ್ದಾನೆ, ಮತ್ತೆ ಗಂಡಸರು ತಮ್ಮ ದುಡ್ಡು ಖರ್ಚು ಮಾಡುತ್ತಾರೆ. ಹೆಂಡತಿ ತಿರುಗಿಬಿದ್ದರೆ ಮೊದಲು ಬುದ್ಧಿ ಹೇಳಬೇಕು, ಆಮೇಲೆ ಹಾಸಿಗೆ ಬೇರೆ ಮಾಡಬೇಕು. ಮೂರನೆಯದಕ್ಕೆ ಬರುವ ಅರಬಿ ಪದಕ್ಕೆ ಹೆಚ್ಚಿನ ಪಂಡಿತರು ಹೇಳುತ್ತಾ ಬಂದ ಅರ್ಥ ‘ಹೊಡೆಯಿರಿ’. ರಂಪ ಶುರುವಾಗುವುದು ಇಲ್ಲೇ.

ಈ ರಂಪ ಪ್ರವಾದಿಯವರ ಕಾಲದಲ್ಲೇ ಇತ್ತು. ಪ್ರವಾದಿಯವರ ಸಂಗಾತಿ ಉಮರ್ ಅವರ ಮಾತೊಂದು ಹದೀಸಿನಲ್ಲಿ, ಅಂದರೆ ಪ್ರವಾದಿಯವರ ಕಾಲದ ನಡೆನುಡಿಯ ದಾಖಲೆಯಲ್ಲಿ, ಇದೆ. ಮಕ್ಕಾದಲ್ಲಿ ನಾವು ಹೆಂಡಿರನ್ನು ಹತೋಟಿಯಲ್ಲಿ ಇಟ್ಟುಕೊಂಡಿದ್ದೆವು, ಮದೀನಾಕ್ಕೆ ಬಂದು ನೋಡಿದರೆ ಇಲ್ಲಿ ಹೆಂಡಿರದ್ದೇ ನಡೀತಿತ್ತು, ನಮ್ಮವರೂ ಅದನ್ನೇ ಕಲಿತರು ಅಂತ. ಓದಿದಾಗ ನಗು ಬಂತು. ಇನ್ನೊಂದು ಹದೀಸಿನಲ್ಲಿ ನಗು ಇಲ್ಲ. ಹೆಂಗಸರನ್ನು ಹೊಡೆಯಬೇಡಿ ಎಂದು ಪ್ರವಾದಿಯವರು ಹೇಳುತ್ತಾರೆ. ಹೆಂಗಸರಿಗೆ ಧೈರ್ಯ ಜಾಸ್ತಿ ಆಯ್ತು ಎಂದು ಉಮರ್ ದೂರು ತರುತ್ತಾರೆ. ಒಪ್ಪಿಗೆ ಸಿಗುತ್ತದೆ. ಕೂಡಲೇ ಹೊಡೆತ ತಿಂದ ಹೆಂಗಸರು ಪ್ರವಾದಿಯವರ ಮನೆಯವರ ಬಳಿ ಗುಂಪುಗುಂಪಾಗಿ ಬರುತ್ತಾರೆ. ಹಾಗೆ ಹೊಡೆಯುವವರು ನಿಮ್ಮಲ್ಲಿ ಒಳ್ಳೆಯವರಲ್ಲ ಎಂದು ಪ್ರವಾದಿಯವರು ಹೇಳುತ್ತಾರೆ.

ಮುಂದೆ ಬಂದ ಪಂಡಿತರು ಹೊಡೆತಕ್ಕೆ ಅಳತೆ ಹಾಕಿದರು. ಮುಖಕ್ಕೆ ಬೀಳಬಾರದು, ಗಾಯ ಆಗಬಾರದು. ಹಲ್ಲುಜ್ಜುವ ಮಿಸ್ವಾಕ್ ಕಡ್ಡಿಯಷ್ಟು ಸಾಕು ಎಂಬ ಮಾತು ಪ್ರವಾದಿಯವರ ಸಂಗಾತಿ ಇಬ್ನ್ ಅಬ್ಬಾಸ್ ಹೆಸರಿನಲ್ಲಿದೆ. ಮಕ್ಕಾದ ಪಂಡಿತ ಅತಾ ಮಾತ್ರ ಗಂಡ ಸಿಟ್ಟಾಗಲಿ, ಹೊಡೆಯುವುದು ಬೇಡ ಎಂದರು. ನನ್ನನ್ನು ಕೇಳಿದರೆ, ಕಡ್ಡಿಯ ಅಳತೆ ಶುರುವಾದಾಗಲೇ ಅವಳ ದೂರು ಪಕ್ಕಕ್ಕೆ ಸರಿದುಹೋಯಿತು. 2007ರಲ್ಲಿ ಅಮೆರಿಕದ ಲಾಲೆ ಬಖ್ತಿಯಾರ್ ತಮ್ಮ ಅನುವಾದದಲ್ಲಿ ಆ ಪದಕ್ಕೆ ‘ಅವರಿಂದ ದೂರ ಹೋಗಿ’ ಎಂಬ ಅರ್ಥ ಕೊಟ್ಟರು. ತುಂಬಾ ಜನ ಒಪ್ಪಲಿಲ್ಲ.

ನನಗೆ ಹೆಚ್ಚು ಮುಖ್ಯ ಅನ್ನಿಸಿದ್ದು ಆಯತ್ತಿನ ಇನ್ನೊಂದು ತುದಿ, ಖರ್ಚಿನ ಮಾತು. 13ನೇ ಶತಮಾನದಲ್ಲಿ ಸ್ಪೇನಿನ ಕಾರ್ಡೋಬಾದ ಪಂಡಿತ ಕುರ್ತುಬಿ ಇದೇ ಎಳೆ ಹಿಡಿದು ಬರೆದರು. ಖರ್ಚಿಗೆ ಕೊಡಲಾಗದ ಗಂಡ ಕವ್ವಾಮ್ ಆಗಿ ಉಳಿಯುವುದಿಲ್ಲ, ಹೆಂಡತಿ ಮದುವೆ ಬಿಡಿಸಿಕೊಳ್ಳಬಹುದು. ಇಸ್ಲಾಮಿ ಕಾನೂನಿನ ಮಾಲಿಕಿ, ಶಾಫಿ ಪಂಥದವರು ಹೀಗೆ ಹೇಳಿದರೆ ಇನ್ನೊಂದು ಪಂಥದ ಹನಫಿಗಳು ಒಪ್ಪಲಿಲ್ಲ. ನಮ್ಮ ಕರಾವಳಿಯಲ್ಲಿ ಶಾಫಿಗಳು ಜಾಸ್ತಿ. ವಿಜಯಪುರದ ಕಡೆ ಹನಫಿಗಳೇ ಜಾಸ್ತಿ.

ಇಂಥ ವಾದಗಳೆಲ್ಲ ಅರಬಿ, ಫಾರಸಿಯಲ್ಲಿ, ಗಂಡಸರ ನಡುವೆ ನಡೆದವು. ಆದಿಲ್‌ಶಾಹಿ ಕಾಲದ ವಿಜಯಪುರದ ಹೆಂಗಸರಿಗೆ ಧರ್ಮ ಸಿಕ್ಕಿದ್ದು ಬೀಸುವ ಕಲ್ಲಿನ ಮುಂದೆ. ಇಲ್ಲಿನ ಚಿಶ್ತಿ ಸೂಫಿಗಳ ಪರಂಪರೆಯಲ್ಲಿ ದಖನಿ ಭಾಷೆಯ ‘ಚಕ್ಕಿನಾಮಾ’ ಎಂಬ ಬೀಸುವ ಪದಗಳು ಹುಟ್ಟಿದವು. ಕಲ್ಲಿನ ಹಿಡಿಗೂಟ ಅರಬಿಯಲ್ಲಿ ಅಲ್ಲಾಹು ಶುರುವಾಗುವ ಅಲಿಫ್ ಅಕ್ಷರದ ಹಾಗೆ, ಅದೇ ಅಲ್ಲಾಹು ಅಂತ ಹಾಡಿಕೊಳ್ಳುತ್ತಾ ಜೋಳ ಬೀಸಿದರು. ದೇವರು ಸಿಕ್ಕ. ಕರಾರಿನ ಷರತ್ತಿನ ವಿಷಯ ಯಾರೂ ಹಾಡಿ ಹೇಳಲಿಲ್ಲ.

ಬ್ರಿಟಿಷರ ಕಾಲದಲ್ಲಿ ಹನಫಿ ಹೆಂಗಸರ ಪಾಡು ಬಿಗಡಾಯಿಸಿತು. ಗಂಡ ಒಪ್ಪದೆ ಖುಲಾ, ಅಂದರೆ ಹೆಂಡತಿ ಕೇಳಿ ಪಡೆಯುವ ಬಿಡುಗಡೆ, ಇಲ್ಲ. ಕೋರ್ಟೂ ಬಿಡಿಸುವುದಿಲ್ಲ. ಪಂಜಾಬಿನಲ್ಲಿ ಕೆಲವರು ಬೇರೆ ದಾರಿ ಕಾಣದೆ ಧರ್ಮ ಬಿಟ್ಟರು, ಹಾಗೆ ಮಾಡಿದರೆ ಮದುವೆ ತಾನಾಗಿ ಮುರಿಯುತ್ತಿತ್ತು. ಉಲೇಮಾಗಳು (ಧರ್ಮ ಪಂಡಿತರು) ಗಾಬರಿಯಾದರು. 1930ರ ದಶಕದ ಮೊದಲಿಗೆ ಅವರಲ್ಲೇ ಒಬ್ಬರಾದ ಅಶ್ರಫ್ ಅಲಿ ಥಾನ್ವಿ, ಸ್ವತಃ ಹನಫಿ, ಈ ವಿಷಯದಲ್ಲಿ ಮಾಲಿಕಿ ನಿಯಮ ತೆಗೆದುಕೊಳ್ಳಬಹುದು ಎಂದು ಬರೆದರು. ಅದರ ಬೆನ್ನಿಗೆ 1939ರಲ್ಲಿ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆ ಬಂತು. ಎರಡು ವರ್ಷ ಖರ್ಚಿಗೆ ಕೊಡದಿದ್ದರೆ ಹೆಂಡತಿ ಕೋರ್ಟಿನಲ್ಲಿ ಮದುವೆ ಬಿಡಿಸಿಕೊಳ್ಳಬಹುದು. ಗಂಡ ಪದೇ ಪದೇ ಹೊಡೆದರೂ ಸೈ, ಕೈ ಮಾಡದೆ ಬಾಳು ನರಕ ಮಾಡಿದರೂ ಸೈ. ಹಿಂದೂ ವಿವಾಹ ಕಾಯ್ದೆಯಲ್ಲಿ ಕ್ರೌರ್ಯ ವಿಚ್ಛೇದನಕ್ಕೆ ಕಾರಣವಾಗಿದ್ದು 1976ರ ತಿದ್ದುಪಡಿಯಲ್ಲಿ. ಈ ಲೆಕ್ಕ ಟಿವಿ ಚರ್ಚೆಗಳಲ್ಲಿ ಬರುವುದೇ ಇಲ್ಲ.

ಟಿವಿಯಲ್ಲಿ ಬರುವುದು ಜೀವನಾಂಶ ಕುರಿತ 1985ರ ಶಾ ಬಾನೊ ತೀರ್ಪು, 2017ರ ತ್ರಿವಳಿ ತಲಾಖ್ ತೀರ್ಪು, 2019ರ ಕಾನೂನು. ಎಲ್ಲ ಗಂಡ ಬಿಟ್ಟ ಮೇಲಿನ ಮಾತು. ಬಿಡದೆ, ಸಾಕದೆ ಇಟ್ಟುಕೊಂಡವನ ಮಾತು ಹಿಂದೆ ಬೀಳುತ್ತದೆ.

ನಮ್ಮ ಗಲ್ಲಿಯ ಖಾಲಾ ಒಬ್ಬರು ಮಣೂಕ (ಒಣದ್ರಾಕ್ಷಿ) ಆರಿಸುವ ಕೆಲಸಕ್ಕೆ ಹೋಗುತ್ತಾರೆ. ಗಂಡ ಪುಣೆಯಲ್ಲಿ. ಹಬ್ಬಕ್ಕೆ ಒಂದು ಫೋನು, ದುಡ್ಡು ಇಲ್ಲ. ಹಿರಿಯರ ಮುಂದೆ ಹೇಳಿಕೊಂಡಾಗ, ಗಂಡ ಹೆಂಡಿರ ಜಗಳ ಉಂಡು ಮಲಗೋತನಕ ಅಂತ ಕಳಿಸಿದರಂತೆ. ‘ಉಣ್ಣಾಕ ಯಾರ ತಂದ ಹಾಕ್ಯಾರ’ ಅಂದರು ನನ್ನ ಹತ್ತಿರ. ನಾನು 1939ರ ಕಾಯ್ದೆಯ ಮಾತು ತೆಗೆದೆ. ಅಂಟಿದ ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಕೇಳಿದರು, ‘ಎರಡ ವರ್ಷ ಸಾಕಂತೇನ ಬೇಟಾ? ನಂದು ನಾಕಾತು.’