ಎಲ್‌ಎಫ್‌ಪಿ ಬ್ಯಾಟರಿ ಗೆದ್ದಿದ್ದು ಇಂಗಾಲದ ಕೋಟಿಂಗ್‌ನಿಂದ

ಎಲೆಕ್ಟ್ರಿಕ್ ಗಾಡಿ ತಗೊಳ್ಳೋರು ಈಗೀಗ ರೇಂಜ್ ಎಷ್ಟು ಅಂತ ಕೇಳಿದ ಮೇಲೆ ಬ್ಯಾಟರಿ ಎಲ್‌ಎಫ್‌ಪಿನಾ ಎನ್‌ಎಂಸಿನಾ ಅಂತನೂ ಕೇಳ್ತಾರೆ, ಸೆಲ್ ಟೆಸ್ಟಿಂಗ್ ಮಾಡೋ ನಂಗೆ ಇದು ನಿಜವಾಗ್ಲೂ ಖುಷಿ ಕೊಡೋ ವಿಷಯ. ಎಲ್‌ಎಫ್‌ಪಿ ಅಂದ್ರೆ ಲಿಥಿಯಂ ಐರನ್ ಫಾಸ್ಫೇಟ್, ಎನ್‌ಎಂಸಿ ಅಂದ್ರೆ ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಸೇರಿರೋ ಇನ್ನೊಂದು ಬಗೆ. ಎಲ್‌ಎಫ್‌ಪಿ ಹಿಂದೆ ಇರೋದು ಎರಡು ಸಂಶೋಧನೆ, ಮೊದಲನೇದಕ್ಕೆ ಹೆಸರು ಬಂತು, ಎರಡನೇದನ್ನ ನೆನೆಯೋರು ಕಮ್ಮಿ.

ವಿಜ್ಞಾನಿ ಜಾನ್ ಗುಡ್‌ಇನಫ್ 1980ರಲ್ಲಿ ಆಕ್ಸ್‌ಫರ್ಡ್‌ನಲ್ಲಿದ್ದಾಗ ಲಿಥಿಯಂ ಕೋಬಾಲ್ಟ್ ಆಕ್ಸೈಡ್ ಕ್ಯಾಥೋಡ್ (ಬ್ಯಾಟರಿಯ ಪ್ಲಸ್ ಕಡೆಯ ವಸ್ತು) ಕೊಟ್ರು, ಮೊಬೈಲು ಲ್ಯಾಪ್‌ಟಾಪು ಬೆಳೆದಿದ್ದೇ ಅದರ ಮೇಲೆ. ಆದ್ರೆ ಕೋಬಾಲ್ಟ್ ದುಬಾರಿ, ಮೇಲಾಗಿ ಚಾರ್ಜ್ ಆಗಿರೋ ಆ ಆಕ್ಸೈಡ್ ವಿಪರೀತ ಬಿಸಿಯಾದ್ರೆ ಆಕ್ಸಿಜನ್ ಬಿಡುತ್ತೆ, ಪಕ್ಕದಲ್ಲೇ ಇರೋ ಎಲೆಕ್ಟ್ರೋಲೈಟ್ ಉರಿಯೋ ದ್ರವ, ಮುಂದೆ ಏನಾಗುತ್ತೆ ಅಂತ ಹೇಳ್ಬೇಕಾಗಿಲ್ಲ. ಆಮೇಲೆ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಪಾಢಿ, ಕೆ.ಎಸ್. ನಂಜುಂಡಸ್ವಾಮಿ ಮತ್ತು ಗುಡ್‌ಇನಫ್ ಸೇರಿ 1997ರಲ್ಲಿ ಈ ಕಬ್ಬಿಣದ ಫಾಸ್ಫೇಟ್ ಬಗ್ಗೆ ಪೇಪರ್ ಬರೆದ್ರು. ಇದರಲ್ಲಿ ಆಕ್ಸಿಜನ್‌ನ ಫಾಸ್ಫರಸ್ ಗಟ್ಟಿಯಾಗಿ ಹಿಡ್ಕೊಂಡಿರುತ್ತೆ, ಬಿಸಿಯಾದ್ರೂ ಅಷ್ಟು ಸುಲಭವಾಗಿ ಬಿಡಲ್ಲ. ಎಲ್‌ಎಫ್‌ಪಿ ಸೇಫ್ ಅಂತಾರಲ್ಲ, ಅದಕ್ಕೆ ದೊಡ್ಡ ಕಾರಣ ಈ ಒಂದು ಬಾಂಡ್.

ತೊಂದರೆ ಇದ್ದಿದ್ದು ಬೇರೆ ಕಡೆ. ಈ ವಸ್ತುವಿನಲ್ಲಿ ಕರೆಂಟೇ ಸರಿಯಾಗಿ ಹರಿಯಲ್ಲ, ಎಲೆಕ್ಟ್ರಾನ್ ವಿಷಯದಲ್ಲಿ ಹೆಚ್ಚುಕಮ್ಮಿ ಇನ್ಸುಲೇಟರ್ರೇ, ಲಿಥಿಯಂ ಅಯಾನ್‌ಗೂ ಓಡಾಡೋಕೆ ಒಂದೇ ದಿಕ್ಕಿನ ಸಣ್ಣ ಸುರಂಗ, ನಡುವೆ ಒಂದು ಪರಮಾಣು ತಪ್ಪು ಜಾಗದಲ್ಲಿ ಕೂತ್ರೂ ದಾರಿ ಬಂದ್. ಲೆಕ್ಕದ ಪ್ರಕಾರ ಒಂದು ಗ್ರಾಂಗೆ 170 ಮಿಲಿಆಂಪ್ ಅವರ್ ಸಿಗಬೇಕು, ಶುರುವಿನಲ್ಲಿ ತುಂಬ ನಿಧಾನಕ್ಕೆ ಕರೆಂಟ್ ಎಳೆದ್ರೂ ಸಿಕ್ಕಿದ್ದು ಅದರ ಶೇಕಡ 60ರ ಆಸುಪಾಸು. ಎಷ್ಟೋ ಜನ ಇದು ಗಾಡಿಗೆ ಆಗಲ್ಲ ಅಂದುಕೊಂಡಿದ್ರು.

ಇದನ್ನ ಬಿಡಿಸಿದ್ದು ಕೆನಡಾದಲ್ಲಿ, 1999ರ ಹೊತ್ತಿಗೆ ಮಿಶೆಲ್ ಅರ್ಮಾನ್, ನಥಾಲಿ ರಾವೆ ಮತ್ತೆ ಅಲ್ಲಿನ ವಿದ್ಯುತ್ ಕಂಪನಿ ಹೈಡ್ರೋ ಕ್ವಿಬೆಕ್ ಜೊತೆಗಿದ್ದ ತಂಡ. ಪ್ರತಿ ಕಣದ ಮೇಲೂ ತೆಳ್ಳಗೆ ಇಂಗಾಲ ಹೊದಿಸಿದ್ರು. ವಿಧಾನ ಕೇಳಿದ್ರೆ ಇಷ್ಟೇನಾ ಅನ್ಸುತ್ತೆ, ಸಕ್ಕರೆ ಥರದ ಸಾವಯವ ವಸ್ತು ಸೇರಿಸಿ ಗಾಳಿ ಇಲ್ಲದ ಫರ್ನೇಸ್‌ನಲ್ಲಿ ಕಾಯಿಸೋದು, ಸಕ್ಕರೆ ಸುಟ್ಟು ಉಳಿದ ಇಂಗಾಲ ಕಣದ ಮೈಗೆ ಅಂಟಿಕೊಳ್ಳುತ್ತೆ, ಅದೇ ಹೊತ್ತಿಗೆ ಕಬ್ಬಿಣ ತುಕ್ಕಿನ ಕಡೆ ಹೋಗದ ಹಾಗೂ ಕಾಯುತ್ತೆ, ಕಣ ದಪ್ಪ ಆಗೋಕೂ ಬಿಡಲ್ಲ. ಕಣ ಚಿಕ್ಕದಿದ್ರೆ ಲಿಥಿಯಂ ಹೋಗಬೇಕಾದ ದೂರನೂ ಕಮ್ಮಿ. ಕೋಟಿಂಗ್ ಜಾಸ್ತಿ ಆದ್ರೆ ಸುಮ್ನೆ ತೂಕ, ಕಮ್ಮಿ ಆದ್ರೆ ರೆಸಿಸ್ಟೆನ್ಸ್, ಒಳ್ಳೆ ಪೌಡರ್‌ಗೂ ಅಗ್ಗದ ಪೌಡರ್‌ಗೂ ವ್ಯತ್ಯಾಸ ನಮ್ಮ ಟೆಸ್ಟ್ ಬೆಂಚ್ ಮೇಲೆ ಎಷ್ಟೋ ಸಲ ಇಲ್ಲೇ ಕಾಣೋದು. ಹೊಸ ಮೂಲವಸ್ತು ಹುಡುಕೋದನ್ನ ಮಾತ್ರ ಸಂಶೋಧನೆ ಅನ್ನೋದು ನಂಗೆ ಒಪ್ಪಿಗೆ ಇಲ್ಲ, ಈ ಕೋಟಿಂಗ್ ಇಲ್ದೇ ಇದ್ದಿದ್ರೆ ಆ ಪೇಪರ್ ಲೈಬ್ರರಿಯಲ್ಲೇ ಉಳೀತಿತ್ತು.

ತೂಕದ ಲೆಕ್ಕದಲ್ಲಿ ಎನ್‌ಎಂಸಿ ಈಗ್ಲೂ ಮುಂದೆ, ಅಷ್ಟೇ ರೇಂಜ್‌ಗೆ ಎಲ್‌ಎಫ್‌ಪಿ ಪ್ಯಾಕ್ ಭಾರ ಆಗುತ್ತೆ.

ಬಳಸೋರಿಗೆ ಒಂದು ಮಾತು. ಎಲ್‌ಎಫ್‌ಪಿ ಸೆಲ್‌ನ ವೋಲ್ಟೇಜ್ ನಡುವಿನ ಬಹುಪಾಲು 3.2, 3.3 ವೋಲ್ಟ್ ಹತ್ರ ಚಪ್ಪಟೆ ನಿಂತಿರುತ್ತೆ, 40 ಪರ್ಸೆಂಟ್ ಇದೆಯಾ 60 ಇದೆಯಾ ಅಂತ ಬಿಎಂಎಸ್‌ಗೆ (ಬ್ಯಾಟರಿ ನೋಡಿಕೊಳ್ಳೋ ಎಲೆಕ್ಟ್ರಾನಿಕ್ಸ್) ವೋಲ್ಟೇಜ್ ನೋಡಿ ಗೊತ್ತಾಗಲ್ಲ, ಒಳಗೆ ಹೋದ ಹೊರಗೆ ಬಂದ ಕರೆಂಟ್ ಎಣಿಸ್ತಾ ಹೋಗುತ್ತೆ, ದಿನ ಕಳೆದಂಗೆ ಆ ಲೆಕ್ಕ ಜಾರುತ್ತೆ. ಅದಕ್ಕೇ ಆಗಾಗ ಪೂರ್ತಿ 100ರವರೆಗೂ ಚಾರ್ಜ್ ಮಾಡಿ, ತುದಿಯಲ್ಲಿ ವೋಲ್ಟೇಜ್ ಏರಿದಾಗ ಲೆಕ್ಕ ಮತ್ತೆ ಸರಿಹೋಗುತ್ತೆ. ಎನ್‌ಎಂಸಿ ಗಾಡಿಯೋರು ಮಾತ್ರ ಇದನ್ನ ಅನುಸರಿಸೋಕೆ ಹೋಗ್ಬೇಡಿ, ಅದನ್ನ ದಿನಾ ಫುಲ್ ಮಾಡಿ ಹಾಗೇ ನಿಲ್ಲಿಸಿದ್ರೆ ಬೇಗ ಸವೆಯುತ್ತೆ, ಕಂಪನಿ ಮ್ಯಾನ್ಯುಯಲ್‌ನಲ್ಲಿ ಏನು ಹೇಳಿದಾರೋ ಅದನ್ನೇ ಮಾಡಿ.